ಬ್ಯಾಂಕಾಕ್‌ಗೆ ಹೋಗೋರೇ, "ಅರಮನೆ ಇವತ್ತು ಬಂದ್" ಅಂದ್ರೆ ನಂಬಬೇಡಿ!

ಬರೆಯೋಕೇ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ನಮ್ಮವರು ಇನ್ನೊಬ್ಬರು ಟೋಪಿ ಹಾಕಿಸಿಕೊಳ್ಳೋದು ಬೇಡ.

ಕೊನೇ ದಿನ, ರಾತ್ರಿ ಫ್ಲೈಟು. ಗ್ರ್ಯಾಂಡ್ ಪ್ಯಾಲೇಸ್ ಬಾಕಿ ಇತ್ತು. ಅಮ್ಮ ಬ್ಯಾಂಕಾಕಿಗೆ ಒಪ್ಪಿದ್ದೇ ಅದಕ್ಕೆ. ಅಲ್ಲಿನ ಪಚ್ಚೆ ಬುದ್ಧನ ಗುಡಿಯ ಪ್ರಾಕಾರದ ಗೋಡೆ ತುಂಬ ರಾಮಾಯಣ, 178 ಚಿತ್ರ! ಮಧ್ಯಾಹ್ನ ಒಂದು ಗಂಟೆ, ಗೇಟಿಗೆ ಇನ್ನೂರು ಹೆಜ್ಜೆ ಇತ್ತು ಅಷ್ಟೇ. ಇಸ್ತ್ರಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು ಹಾಕಿದ್ದವನೊಬ್ಬ "ಇಂಡಿಯಾ? ನಮಸ್ತೆ!" ಅಂದ. "ಇವತ್ತು ಬೌದ್ಧರ ಹಬ್ಬ, ಒಳಗೆ ಪೂಜೆ. ವಿದೇಶಿಯರಿಗೆ ಮೂರು ಗಂಟೆ ಮೇಲೆ. ಅಲ್ಲೀವರೆಗೆ ಲಕ್ಕಿ ಬುದ್ಧನ್ನ ನೋಡಿ ಬನ್ನಿ, 20 ಬಾತ್ ಸಾಕು." (ಬಾತ್ ಅಂದ್ರೆ ಅಲ್ಲಿನ ದುಡ್ಡು.) ಟುಕ್‌ಟುಕ್, ಅಂದ್ರೆ ಅಲ್ಲಿನ ಆಟೋ, ಪಕ್ಕದಲ್ಲೇ ರೆಡಿ.

20 ಬಾತ್! ಅಲ್ಲೇ ಅನುಮಾನ ಬರಬೇಕಿತ್ತು. ಮೆಜೆಸ್ಟಿಕ್ಕಲ್ಲಿ ಮೀಟರ್ ಮೇಲೆ ಹತ್ತು ರೂಪಾಯಿ ಕೇಳಿದ್ರೆ ಜಗಳಕ್ಕೆ ನಿಲ್ಲೋ ನಾನು, ಹಲ್ಲು ಕಿರ್ಕೊಂಡು ಹತ್ತಿ ಕೂತೆ.

ಆ ಗುಡಿಯಲ್ಲಿ ಇನ್ನೊಬ್ಬ ಸಭ್ಯಸ್ಥ ಸಿಕ್ಕ. "ಸರ್ಕಾರಿ ರತ್ನದ ಸೇಲ್, ಇವತ್ತೇ ಕೊನೆ, ನಿಮ್ಮೂರಲ್ಲಿ ಎರಡರಷ್ಟಕ್ಕೆ ಮಾರಬಹುದು." ಎಲ್ಲ ಒಂದೇ ಗ್ಯಾಂಗು. ಅಂಗಡಿಗೆ ಕರ್ಕೊಂಡ್ಹೋದ್ರೆ ಡ್ರೈವರ್‌ಗೆ ಪೆಟ್ರೋಲ್ ಕೂಪನ್ ಸಿಗುತ್ತಂತೆ, ಅದಕ್ಕೇ ಆ 20 ಬಾತ್. ಅಮ್ಮ ಬೇಡ ಬೇಡ ಅಂದ್ರೂ ಕಾರ್ಡ್ ಉಜ್ಜಿ ನೀಲದ ಪೆಂಡೆಂಟ್ ತಗೊಂಡೆ. 9,500 ಬಾತ್!

ಹೊರಗೆ ಬಂದ್ರೆ ಡ್ರೈವರ್ ಮಾಯ. ಬೇರೆ ಗಾಡಿ ಹಿಡಿದು ಅರಮನೆ ಮುಟ್ಟಿದಾಗ 3.40. ಜನ ಹಿಂಡುಹಿಂಡಾಗಿ ಹೊರಗೆ ಬರ್ತಿದ್ರು. "ಹಬ್ಬ ಮುಗೀತಾ?" ಅಂತ ಕೇಳಿದೆ, ಹೌದು, ಹಾಗೇ ಕೇಳಿದೆ. ಕಾವಲಿನವನು, "ಯಾವ ಹಬ್ಬ? ಬೆಳಗ್ಗೆ 8.30ರಿಂದ ತೆರೆದೇ ಇದೆ. ಟಿಕೆಟ್ 3.30ಕ್ಕೇ ಮುಗೀತು" ಅಂದ. ನಗು ತಡ್ಕೊಂಡಿದ್ದು ಕಾಣ್ತಿತ್ತು. ಅಪರಿಚಿತರನ್ನ ನಂಬಬೇಡಿ ಅನ್ನೋ ಬೋರ್ಡು ಅಲ್ಲೇ ಇತ್ತು. ಅಮ್ಮ ಜೋರಾಗಿ ಓದಿದ್ರು.

ಊರಲ್ಲಿ ಆಚಾರ್ರಿಗೆ ತೋರಿಸಿದ್ರೆ, "ಕಲ್ಲು ಅಸಲೀನೇ, ಕಾಲು ಭಾಗಾನೂ ಬಾಳಲ್ಲ" ಅಂದ್ರು. ಅಂಗಡಿಗೆ ಮೇಲ್ ಹಾಕಿದೆ. ಉತ್ತರ: "ಸರ್, ಸರ್ಟಿಫಿಕೇಟ್ ಕೊಟ್ಟಿದ್ದೀವಿ. ಬೆಲೆ ನೀವೇ ಒಪ್ಪಿದ್ದು." ಸರ್ಕಾರಿ ಸೇಲ್ ಅಂದ್ರಲ್ಲ? "ನಮ್ಮ ಸಿಬ್ಬಂದಿ ಹಾಗೆ ಹೇಳಿಲ್ಲ." ನಿಜ ಕಣ್ರೀ, ಅವರು ಹೇಳಿಲ್ಲ! ಹೇಳಿದ್ದು ಗುಡಿಯಲ್ಲಿ ಸಿಕ್ಕವನು. ಬ್ಯಾಂಕಿನವರದು ಇನ್ನೂ ಚೆಂದ: "ಪಿನ್ ನೀವೇ ಹಾಕಿದ್ದಲ್ವಾ ಸರ್?"

ಯಾರು ಏನೇ ಹೇಳಲಿ, ಗೇಟಿನ ತನಕ ನಡೀರಿ. ವಾಟ್ ಫೋ ಅನ್ನೋ ಬುದ್ಧನ ಗುಡಿ ಹತ್ರಾನೂ ಇದೇ ಆಟ. ಮೋಸ ಆದ್ರೆ ಟೂರಿಸ್ಟ್ ಪೊಲೀಸ್ 1155, ಅಲ್ಲಿರುವಾಗಲೇ ಫೋನ್ ಮಾಡಿ. ನಾನು ಊರಿಗೆ ಬಂದಮೇಲೆ ಹುಡುಕಿದ ನಂಬರ್ ಅದು.

ಪೆಂಡೆಂಟ್ ಬೀರುವಲ್ಲಿದೆ, ಅಮ್ಮ ಮುಟ್ಟಿಲ್ಲ. ಪಕ್ಕದ ಮನೆಯವರು "ರಾಮಾಯಣ ಹೇಗಿತ್ತು?" ಅಂದ್ರೆ "ನನ್ನ ಮಗನ್ನ ಕೇಳಿ" ಅಂತಾರೆ.