ಅಂತರಸನಹಳ್ಳಿಯ ಲೇಸರ್ ಅಂಗಡಿ: ಕೊರೆಯೋಕಲ್ಲ, ಕೆರೆಯೋಕೆ ಹೋಗಿ

ಸಾವಿರ ಮದುವೆ ಕಾರ್ಡಿಗೆ ಬರೀ ಅಂಚು ಕತ್ತರಿಸಬೇಕು ಅಂತಿದ್ದರೆ ಈ ಅಂಗಡಿಗೆ ಹೋಗಬೇಡಿ. ಡೈ ಅಂದರೆ ಕತ್ತರಿಸೋ ಅಚ್ಚು ಮಾಡಿಸಿ, ಪಂಚಿಂಗ್ ಹೊಡೆಸಿ. ಬೇಗ ಮುಗಿಯುತ್ತೆ, ಅಂಚೂ ಬೆಳ್ಳಗೇ ಉಳಿಯುತ್ತೆ. ಆದರೆ ಇನ್ನೂರು ಮುನ್ನೂರು ಕಾರ್ಡು, ಕಾಗದದ ಮೇಲ್ಪದರ ಮಾತ್ರ ತೆಗೆದು ಅಕ್ಷರ, ಬಳ್ಳಿ, ಗಣಪತಿ ಮೂಡಿಸಬೇಕು ಅಂದರೆ ನನ್ನ ಗಿರಾಕಿಗಳ ಕೆಲಸ ನಾನು ಕೊಡೋದು ಇಲ್ಲಿಗೇ.

ನಮ್ಮದು ಗುಬ್ಬಿಯಲ್ಲಿ ಸಣ್ಣ ಪ್ರೆಸ್ಸು. ಮಾವನವರ ಕಾಲದ ಟ್ರೆಡಲ್ ಮೆಷೀನು ಇನ್ನೂ ಇದೆ, ಬಿಲ್ ಬುಕ್ಕಿನ ನಂಬರಿಂಗಿಗೆ ಈಗಲೂ ಅದೇ. ಮದುವೆ ಸೀಸನ್ನಲ್ಲಿ ಫ್ಯಾನ್ಸಿ ಕಾರ್ಡು ಕೇಳಿಕೊಂಡು ಬರೋರು ನೇರ ಬೆಂಗಳೂರಿನ ಚಿಕ್ಕಪೇಟೆ ಹೆಸರು ಹೇಳ್ತಾರೆ. ಅವರನ್ನ ಗುಬ್ಬಿಯಲ್ಲೇ ಹಿಡಿದಿಟ್ಟುಕೊಳ್ಳೋಕೆ ನನಗೆ ಹೀಗೊಂದು ಜಾಬ್‌ವರ್ಕ್ ಅಂಗಡಿ, ಅಂದರೆ ಕೂಲಿಗೆ ಕೆಲಸ ಮಾಡಿಕೊಡೋ ಅಂಗಡಿ, ಬೇಕಿತ್ತು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು, ಹೊರಗೆ ಬೋರ್ಡು ಕೂಡ ನೆಟ್ಟಗಿಲ್ಲ. ಒಳಗೆ ಅಣ್ಣ ತಮ್ಮ ಇಬ್ಬರೇ. ಕೂರೋಕೆ ಕುರ್ಚಿ ಕೇಳಬೇಡಿ.

ಅವರ ಹತ್ತಿರ ಎರಡು ಲೇಸರ್ ಮೆಷೀನ್ ಇವೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದರೆ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತೆ. ಒಂದು ಫೈಬರ್ ಲೇಸರ್, ಸ್ಟೀಲ್ ಪಾತ್ರೆ ಮೇಲೆ ಹೆಸರು ಬರೆಯೋದು. ಅದರ ಕಿರಣದ ಅಲೆಯುದ್ದ ಸುಮಾರು 1.06 ಮೈಕ್ರೋಮೀಟರ್. ಬಿಳಿ ಕಾಗದ ಅದನ್ನ ಹೀರಿಕೊಳ್ಳೋದು ಬಹಳ ಕಡಿಮೆ, ಆದರೆ ಕಪ್ಪು ಇಂಕು ಹೀರುತ್ತೆ. ತಮ್ಮ ನನಗೊಂದು ವಿಸಿಟಿಂಗ್ ಕಾರ್ಡ್ ಇಟ್ಟು ತೋರಿಸಿದ: ಕಪ್ಪು ಪಟ್ಟಿಯಲ್ಲಿ ಅಕ್ಷರ ಬಿಳಿಯಾಗಿ ಎದ್ದಿತು, ಪಕ್ಕದ ಖಾಲಿ ಕಾಗದ ಹಾಗೇ ಇತ್ತು. ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಲೇಸರ್, 10.6 ಮೈಕ್ರೋಮೀಟರ್. ಕಾಗದದ ನಾರಿನಲ್ಲಿರೋ ಸೆಲ್ಯುಲೋಸ್ ಇದನ್ನ ಚೆನ್ನಾಗಿ ಹೀರಿಕೊಳ್ಳುತ್ತೆ, ಬಿಳಿಯೋ ಕೆಂಪೋ ಅನ್ನೋ ಭೇದ ಇಲ್ಲ. ನಮಗೆ ಬೇಕಾದ್ದು ಇದು. ಈ ಲೇಸರನ್ನ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದವರು ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು.

ಕಿರಣ ಓಡೋದು ನೋಡೋಕೆ ಚೆಂದ. ಗೆರೆ ಎಳೆಯೋ ಪ್ಲಾಟರ್ ಮೆಷೀನಿನ ಥರ ತಲೆ ಅತ್ತಿಂದಿತ್ತ ಓಡಾಡಲ್ಲ. ಮೇಲೊಂದು ಪೆಟ್ಟಿಗೆಯಲ್ಲಿ ಎರಡು ಪುಟ್ಟ ಕನ್ನಡಿ ಅಲುಗ್ತಾವೆ. ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಕಾರ್ಡು ಕದಲದೆ ಕೆಳಗೆ ಮಲಗಿರುತ್ತೆ. ಗೆರೆ ಪಕ್ಕ ಗೆರೆ ಎಳೆದು ಮೇಲಿನ ಪದರ ಕೆರೆದು ತೆಗೆಯೋದು ಹೀಗೆ. ರೇಟು ಯಾಕೆ ಹೆಚ್ಚು ಅಂತ ನಾನು ಜಗಳಕ್ಕೆ ನಿಂತಾಗ ಅಣ್ಣ ಲೆಕ್ಕ ಬಿಡಿಸಿದ. 6 ಸೆಂಟಿಮೀಟರ್ ಚೌಕದ ಚಿತ್ರ, ಗೆರೆಗೂ ಗೆರೆಗೂ 0.1 ಮಿಲಿಮೀಟರ್ ಅಂದರೆ 600 ಗೆರೆ. ಒಟ್ಟು 36 ಮೀಟರ್ ದಾರಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋದರೂ 18 ಸೆಕೆಂಡು, ಪ್ರತಿ ಗೆರೆ ಕೊನೆಯಲ್ಲಿ ತಿರುಗೋ ಹೊತ್ತು ಬೇರೆ. ಇನ್ನೂ ನಯವಾಗಿ ಬೇಕು ಅಂತ ಗೆರೆ ಅಂತರ ಅರ್ಧ ಮಾಡಿದರೆ ಹೊತ್ತು ದುಪ್ಪಟ್ಟು. ಕಾರ್ಡಿಗೆ 8 ರೂಪಾಯಿ ಕೇಳಿದ್ದು ಆಮೇಲೆ ಜಾಸ್ತಿ ಅನ್ನಿಸಲಿಲ್ಲ. ಆದರೂ ಚೌಕಾಸಿ ಬಿಡಲಿಲ್ಲ, 7ಕ್ಕೆ ಇಳಿಸಿದೆ.

ಈ ಅಂಗಡಿಗೆ ನಾನು ಮಾರ್ಕ್ಸ್ ಕೊಡೋದು ಮೆಷೀನಿಗಲ್ಲ, ಅವರಿಗಿರೋ ಕಾಗದದ ಜ್ಞಾನಕ್ಕೆ. ಮರೂನ್ ಬೋರ್ಡು ಒಯ್ದಿದ್ದೆ. ಅಣ್ಣ ಮೆಷೀನ್ ಹತ್ತಿರಕ್ಕೂ ಹೋಗದೆ ಮೂಲೆ ಒಂಚೂರು ಹರಿದು ನೋಡಿದ. ‘ಅಕ್ಕಾ, ಇದು ಒಳಗೂ ಮರೂನೇ. ಎಷ್ಟು ಕೆರೆದರೂ ಮಂಕು ಕಂದು ಬರುತ್ತೆ, ಅಷ್ಟೆ. ಮೇಲೆ ಮಾತ್ರ ಬಣ್ಣ, ಒಳಗೆ ಬಿಳಿ ಇರೋದು ತನ್ನಿ’ ಅಂದ. ಬೋರ್ಡ್ ಬದಲಿಸಿದೆ. ಮರೂನ್ ಮೇಲೆ ಬಿಳಿ ಬಳ್ಳಿ ಎಷ್ಟು ಖಡಕ್ಕಾಗಿ ಬಂತು ಅಂದರೆ ಗಿರಾಕಿ ಬೆರಳಾಡಿಸಿ ನೋಡಿ ‘ಇದು ಪ್ರಿಂಟಾ?’ ಅಂತ ಕೇಳಿದರು. ಹೊಳಪಿನ ಆರ್ಟ್ ಪೇಪರ್ ಅವರಿಗೆ ಇಷ್ಟ ಇಲ್ಲ. ಅದರ ಲೇಪದಲ್ಲಿ ಸುಣ್ಣದ ಜಾತಿಯ ಖನಿಜಪುಡಿ, ಜೇಡಿಮಣ್ಣು ಇರುತ್ತೆ. ಅದು ಕಾಗದದ ನಾರಿನ ಥರ ಉರಿದು ಹೋಗಲ್ಲ, ಪುಡಿಯಾಗಿ ಮೇಲೇ ಕೂತು ಕೈಗೆ ಅಂಟುತ್ತೆ. ಪಿವಿಸಿ ಲ್ಯಾಮಿನೇಶನ್ ಇದ್ದರಂತೂ ಬಾಗಿಲಿಂದಲೇ ವಾಪಸ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ. ಮೆಷೀನಿಗೂ ಕೇಡು, ಉಸಿರಿಗೂ ಕೇಡು.

ನಾನಿದ್ದಾಗಲೇ ಒಬ್ಬರು ತಾತನ ಕಾಲದ ಲೆಕ್ಕದ ಪುಸ್ತಕ ತಂದು, ಲೇಸರಲ್ಲಿ ಕೊಳೆ ತೆಗೀರಿ ಅಂದರು. ಅಣ್ಣ ಮುಟ್ಟಲೇ ಇಲ್ಲ. ಸರಿಯಾಗೇ ಮಾಡಿದ. ಹಳೇ ಕಾಗದದ ಕೊಳೆಯನ್ನ ಲೇಸರಿಂದ ತೆಗೆಯೋ ಪ್ರಯೋಗಗಳು ಆಗಿವೆ, ಆದರೆ ಅದಕ್ಕೆ ಬಳಸಿದ್ದು 532 ನ್ಯಾನೋಮೀಟರಿನ ಹಸಿರು ಕಿರಣದಂಥವು, ಕೊಳೆ ಹೀರಿ ಕಾಗದ ಅಷ್ಟಾಗಿ ಹೀರದಂಥವು. ಇಲ್ಲಿರೋದು ಕಾಗದವನ್ನೇ ತಿನ್ನೋ ಕಿರಣ.

ಇನ್ನು ಕನ್ನಡ ಅಕ್ಷರ. ಆರ್ಡರ್ ಹಿಡಿಯೋರು ಇದನ್ನ ಗಮನಿಸಿ. ಹೆಸರನ್ನ ಆರ್‌ಪಾರ್ ಕತ್ತರಿಸಿ ಹಿಂದಿನ ಬಣ್ಣ ಕಾಣಬೇಕು ಅಂತ ಗಿರಾಕಿ ಕೇಳ್ತಾರೆ. ಇಂಗ್ಲಿಷಿನಲ್ಲಿ ಅದು ಹೇಗೋ ನಡೆಯುತ್ತೆ. ನಮ್ಮಲ್ಲಿ ‘ರ’ದ ಹೊಟ್ಟೆ, ಅನುಸ್ವಾರದ ಸೊನ್ನೆ, ‘ಠ’ದ ಒಳಗಿನ ಚುಕ್ಕೆ ಎಲ್ಲಾ ಉದುರಿ ಬೀಳ್ತಾವೆ. ಹೆಸರಲ್ಲಿ ‘ರಂ’ ಇದ್ದರೆ ಒಂದೇ ಕಡೆ ಎರಡು ತೂತು. ಉದುರದ ಹಾಗೆ ಸಣ್ಣ ಎಳೆ ಬಿಟ್ಟರೆ ಅಕ್ಷರ ಸೀಳಿದ ಹಾಗೆ ಕಾಣುತ್ತೆ. ಮೇಲ್ಪದರ ಕೆರೆದರೆ ಈ ತಾಪತ್ರಯ ಇಲ್ಲ, ಒತ್ತಕ್ಷರ ಸಮೇತ ಮೂಡುತ್ತೆ. ಫೈಲು ಕೋರಲ್‌ಡ್ರಾ ಅನ್ನೋ ಡಿಸೈನ್ ತಂತ್ರಾಂಶದಲ್ಲಿ ಕಳಿಸೋದಾದರೆ ನುಡಿ ಫಾಂಟಿನ ಅಕ್ಷರವನ್ನ ಕರ್ವ್ಸ್‌ಗೆ, ಅಂದರೆ ಬರೀ ಗೆರೆಯ ಆಕಾರಕ್ಕೆ, ಬದಲಾಯಿಸಿಯೇ ಕಳಿಸಿ. ಅವರ ಕಂಪ್ಯೂಟರಲ್ಲಿ ಫಾಂಟ್ ಇಲ್ಲದಿದ್ದರೆ ‘ಶುಭವಿವಾಹ’ ಹೋಗಿ ಅರ್ಥವಾಗದ ಚಿಹ್ನೆಗಳ ಸಾಲು ಬರುತ್ತೆ.

ಈಗ ದೂರುಗಳು. ಕಟಿಂಗ್‌ನಲ್ಲಿ ಅಂಚು ಸೀದು ಕಂದಾಗುತ್ತೆ. ಕಿರಣ ಒಂದೇ ಕಡೆ ಹೊತ್ತು ಕಳೆದಷ್ಟೂ ಬಿಸಿ ಅಕ್ಕಪಕ್ಕಕ್ಕೆ ಹರಡುತ್ತೆ. ಸೆಲ್ಯುಲೋಸ್ 300 ಡಿಗ್ರಿ ಆಸುಪಾಸಿಗೇ ಕರಕಲಾಗೋಕೆ ಶುರು. ಶಕ್ತಿ ತಗ್ಗಿಸಿ, ವೇಗ ಹೆಚ್ಚಿಸಿ, ಎರಡು ಮೂರು ಸಲ ಓಡಿಸಿದರೆ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಕ್ರಾಫ್ಟ್ ಕಾಗದದಲ್ಲಿ ಕಂದು ಅಂಚು ಚೆಂದವೇ. ಆದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಡೋ ಬಿಳಿ ಪತ್ರಿಕೆಯಲ್ಲಿ? ಹುಡುಗನ ಅಜ್ಜಿ ‘ಸೀದಿರೋ ಪತ್ರಿಕೆ ಯಾರ ಮನೆಗೆ ಕೊಡ್ತೀರಾ’ ಅಂತ ಒಂದು ಮಾತು ಅಂದರೆ ಆರ್ಡರ್ ಪೂರ್ತಿ ನಮ್ಮ ತಲೆ ಮೇಲೆ. ಅದಕ್ಕೇ ಕಟಿಂಗ್ ಇವರಿಗೆ ಬೇಡ ಅಂದಿದ್ದು.

ಪ್ಯಾಕಿಂಗ್ ಕಳಪೆ. ಮಾಡಿದ್ದನ್ನ ಮಾಡಿದ ಹಾಗೇ ಒಂದರ ಮೇಲೊಂದು ಪೇರಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡ್ತಾರೆ. ಮಸಿ ಪಕ್ಕದ ಕಾರ್ಡಿನ ಬೆನ್ನಿಗೆ ಅಂಟುತ್ತೆ, ಕಮಟು ವಾಸನೆ ಒಳಗೇ ಉಳಿಯುತ್ತೆ. ನಡುವೆ ಬಟರ್ ಪೇಪರ್ ಹಾಕಿ ಅಂತ ಹೇಳಿದರೆ ಹಾಕ್ತಾರೆ, ಆದರೆ ಬಟರ್ ಪೇಪರ್ ನೀವೇ ಒಯ್ಯಬೇಕು. ನಾನು ಮನೆಗೆ ತಂದು ರಾತ್ರಿಯೆಲ್ಲ ಫ್ಯಾನ್ ಕೆಳಗೆ ಹರಡಿ, ಮೆತ್ತನೆ ಬ್ರಷ್ಷಲ್ಲಿ ಒರೆಸಿಯೇ ಕೊಡೋದು.

ಮಳೆಗಾಲದಲ್ಲಿ ಇನ್ನೊಂದು ಕಾಟ. ತೇವಕ್ಕೆ ಬೋರ್ಡು ಬಿಲ್ಲಿನಂತೆ ಬಾಗಿದರೆ ಕಿರಣದ ಫೋಕಸ್ ತಪ್ಪಿ ನಡುವೆ ಗಾಢ, ಅಂಚಲ್ಲಿ ಮಾಸಲು ಬರುತ್ತೆ. ಕಾಗದ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಟ್ಟಸವಾಗಿ ಮಲಗಿಸಿ ಒಯ್ಯಿರಿ. ನೂರಕ್ಕೆ ಹತ್ತು ಕಾರ್ಡಾದರೂ ಹೆಚ್ಚಿಗೆ ಕೊಡಿ, ಮೊದಲೆರಡು ಸ್ಯಾಂಪಲ್ ನಿಂತು ನೋಡಿ ಒಪ್ಪಿ. ಸ್ಯಾಂಪಲ್‌ಗೆ ದುಡ್ಡು ತಗೊಳ್ಳಲ್ಲ.

ಭಾನುವಾರ ರಜ. ಕಾರ್ತಿಕ ಕಳೆದ ಮೇಲೆ ಪಾಳಿ ಉದ್ದ ಇರುತ್ತೆ, ಮೊದಲೇ ಫೋನ್ ಮಾಡಿ ಹೋಗಿ. ಜಿಎಸ್‌ಟಿ ಬಿಲ್ ಬೇಕಿದ್ದರೆ ರೇಟ್ ಮಾತಾಡುವಾಗಲೇ ಹೇಳಿ. ಕೆಲಸ ಮುಗಿದ ಮೇಲೆ ಕೇಳಿದರೆ ತಮ್ಮ ಅಣ್ಣನನ್ನ ತೋರಿಸ್ತಾನೆ, ಅಣ್ಣ ತಮ್ಮನನ್ನ.