ಪ್ಯಾರಿಸ್ಸಿನ ಫ್ಲ್ಯಾಟೋ, ಹಳ್ಳಿಯ ಶಾತೋನೋ?

ಪ್ಯಾರಿಸ್ಸಿನಲ್ಲಿ ಚದರ ಮೀಟರಿಗೆ ಸುಮಾರು 9,500 ಯೂರೋ. 60 ಚದರ ಮೀಟರಿನ ಫ್ಲ್ಯಾಟಿಗೆ 5.7 ಲಕ್ಷ. ಇದೇ ದುಡ್ಡಿಗೆ ಫ್ರಾನ್ಸಿನ ಒಳನಾಡಾದ ಲಿಮೂಸಾಂ ಕಡೆ ತೋಟ ಸಮೇತ ಪುಟ್ಟ ಶಾತೋ, ಅಂದರೆ ಕೋಟೆಮನೆ, ಸಿಗುತ್ತದೆ. ಕೊಳ್ಳುವುದೇನೋ ಸುಲಭ, ಸಾಕುವುದು ಆನೆ ಸಾಕಿದಂತೆ.

ಮೊದಲು ನೋಡಬೇಕಾದ್ದು ದಿವಾನಖಾನೆಯನ್ನಲ್ಲ, ಅಟ್ಟವನ್ನು. ಮಳೆ ಬಂದ ಮರುದಿನ ಟಾರ್ಚ್ ಹಿಡಿದು ಹತ್ತಿ. ಸ್ಲೇಟು ಹೆಂಚು ಗಟ್ಟಿಯಿದ್ದರೂ ಅದನ್ನು ಹಿಡಿದ ಮೊಳೆ, ಕೊಕ್ಕೆ ಮೊದಲೇ ತುಕ್ಕು ಹಿಡಿಯುತ್ತವೆ. ಹೆಂಚು ಜಾರಿ, ನೀರು ಓಕ್ ತೊಲೆಗಿಳಿದರೆ 'ಮೆರ್ಯೂಲ್' ಎಂಬ ಬೂಷ್ಟು ಮರವನ್ನು ಪುಡಿ ಮಾಡುತ್ತದೆ. ಗಾರೆ ಗೋಡೆಗೆ ಯಾರಾದರೂ ಸಿಮೆಂಟು ಮೆತ್ತಿದ್ದರೆ ತೇವ ಒಳಗೇ ಕೂರುತ್ತದೆ.

ಚಳಿಗಾಲದ ಲೆಕ್ಕವನ್ನೂ ಹಾಕಿ: 400 ಚದರ ಮೀಟರ್, 4 ಮೀಟರ್ ಎತ್ತರದ ಸೂರು ಎಂದರೆ 1,600 ಘನ ಮೀಟರ್ ಗಾಳಿಯನ್ನು ಬಿಸಿ ಮಾಡಬೇಕು. ಫ್ಲ್ಯಾಟಿನಲ್ಲಿ 150.

ಛಾವಣಿ ಕೆಲಸದವರ ಅಂದಾಜುಪಟ್ಟಿ ಖರೀದಿಯ ಪ್ರಾಥಮಿಕ ಕರಾರಿಗೆ ಮುಂಚೆಯೇ ಕೈಯಲ್ಲಿರಲಿ. ಸಹಿಯ ನಂತರ ಮನೆಗೆಂದು ಕೊಳ್ಳುವವರಿಗೆ ಹಿಂದೆ ಸರಿಯಲು 10 ದಿನ ಮಾತ್ರ. ನೋಟರಿ ಖರ್ಚು, ತೆರಿಗೆ ಸೇರಿ ಬೆಲೆಯ 7-8%. ಇದು ಫ್ಲ್ಯಾಟಿಗೂ ತಪ್ಪಿದ್ದಲ್ಲ. ಸೆಪ್ಟಿಕ್ ಟ್ಯಾಂಕಿನ ತಪಾಸಣಾ ವರದಿ ಕೇಳಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಕಿಟಕಿ ಬದಲಿಸಲೂ ಸರ್ಕಾರದ ಅನುಮತಿ ಬೇಕು.

ಛಾವಣಿಗೆಂದೇ ಬೇರೆ ದುಡ್ಡಿಲ್ಲದವರು ಫ್ಲ್ಯಾಟನ್ನೇ ಕೊಳ್ಳಲಿ. ಅಲ್ಲಿ ಸೋರಿದರೆ ಖರ್ಚು ಇಡೀ ಕಟ್ಟಡಕ್ಕೆ ಹಂಚಿಹೋಗುತ್ತದೆ.