ಟರ್ನ್‌ಬಕಲ್ ಬಾಡಿ + ಎಂ8 ರಾಡ್ ಎಂಡ್ ಜೋಡಿ: ತಗೊಳ್ಳಬಹುದಾ?

ತಿರುಗಿಸಿ ಉದ್ದ ಹೊಂದಿಸುವ ಲಿಂಕ್‌ಗೆ ಒಂದು ತುದಿಯಲ್ಲಿ ಬಲ ಥ್ರೆಡ್, ಇನ್ನೊಂದರಲ್ಲಿ ಎಡ (ಉಲ್ಟಾ) ಥ್ರೆಡ್ ಬೇಕು. ಆದರೆ ಎಡ ಥ್ರೆಡ್ ಕೊರೆಯುವ ಟ್ಯಾಪ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗಲ್ಲ, ಸಿಕ್ಕರೂ ಒಂದೇ ತೂತಿಗೋಸ್ಕರ ಕೊಳ್ಳುವುದು ದಂಡ. ಅದರ ಬದಲು ಎಂ8 (8 ಮಿಮೀ ಥ್ರೆಡ್) ಟರ್ನ್‌ಬಕಲ್, ಅಂದರೆ ತಂತಿ-ಹಗ್ಗ ಬಿಗಿಮಾಡಲು ಬಳಸುವ, ಎರಡು ತುದಿಗೂ ಥ್ರೆಡ್ ಇರುವ ಸಾಧನ ತಂದು, ಕೊಕ್ಕೆ-ಕಣ್ಣು ಎರಡನ್ನೂ ಬಿಚ್ಚಿ ಬಾಡಿಯನ್ನಷ್ಟೇ ಇಟ್ಟುಕೊಳ್ಳಿ. ಒಂದು ತುದಿಗೆ ಎಸ್‌ಎ8ಟಿ/ಕೆ, ಇನ್ನೊಂದಕ್ಕೆ ಎಸ್‌ಎಎಲ್8ಟಿ/ಕೆ ರಾಡ್ ಎಂಡ್ (ಕಣ್ಣಿನೊಳಗೆ ತಿರುಗುವ ಗುಂಡು ಇರುವ ಥ್ರೆಡ್ ಕಡ್ಡಿ) ಹಾಕಿದರೆ ಎಳೆಯಲೂ ತಳ್ಳಲೂ ಆಗುವ ಲಿಂಕ್ ರೆಡಿ. ಹೆಸರಿನಲ್ಲಿರುವ 'ಎಲ್' ಎಡ ಥ್ರೆಡ್‌ನ ಗುರುತು. ಟ್ರಾಕ್ಟರ್‌ನ ಟಾಪ್ ಲಿಂಕ್ ಕೂಡ ಇದೇ ತತ್ವದ್ದು.

ರಾಡ್ ಎಂಡ್‌ಗಳ ಬಗ್ಗೆ ದೂರಿಲ್ಲ. ಕೈಯಲ್ಲಿ ಹಿಡಿದು ಅಲುಗಾಡಿಸಿದಾಗ ಗುಂಡು ಕಟಕಟ ಅನ್ನಬಾರದು, ಅಷ್ಟು ನೋಡಿದರೆ ಸಾಕು. ತಲೆನೋವೆಲ್ಲ ಬಾಡಿಯದ್ದು. ಅಗ್ಗದ ಜಿಐ (ಸತು ಲೇಪಿಸಿದ) ಮಾಲಿನಲ್ಲಿ ಥ್ರೆಡ್ ಸಡಿಲ. ಕೆಲವು ಎಂ8 ಅಲ್ಲವೇ ಅಲ್ಲ, 5/16 ಇಂಚು. ಅದರ ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ) 1.41 ಮಿಮೀ, ಎಂ8ರದ್ದು 1.25. ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಎರಡೂ ಥ್ರೆಡ್ ಹಾಳು. ರಾಡ್ ಎಂಡ್ ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೈಯಿಂದ ಪೂರ್ತಿ ತಿರುಗಿಸಿ ನೋಡಿ. ಮುಚ್ಚಿದ ಪೈಪ್ ಥರದ್ದು ಬೇಡ, ಮಧ್ಯೆ ತೆರೆದಿರುವುದೇ ಇರಲಿ: ಥ್ರೆಡ್ ಎಷ್ಟು ಒಳಗಿದೆ ಅಂತ ಕಣ್ಣಿಗೆ ಕಾಣುತ್ತೆ.

ಬಾಡಿ ಒಂದು ಸುತ್ತು ತಿರುಗಿದರೆ ಉದ್ದ 2.5 ಮಿಮೀ ಬದಲಾಗುತ್ತೆ. ಆದರೆ ಒಟ್ಟು ವ್ಯಾಪ್ತಿ ಅಂದುಕೊಂಡಷ್ಟಿಲ್ಲ. ರಾಡ್ ಎಂಡ್‌ನ ಥ್ರೆಡ್ 25 ಮಿಮೀ. ಅದರಲ್ಲಿ 12 ಮಿಮೀ ಆದರೂ ಬಾಡಿಯೊಳಗೆ ಕಚ್ಚಿರಬೇಕು, ಬಾಡಿ ತಿರುಗದಂತೆ ಬಿಗಿಮಾಡುವ ತೆಳು ಚೆಕ್ ನಟ್‌ಗೆ 4 ಮಿಮೀ ಹೋಯಿತು. ಉಳಿದದ್ದು ಪ್ರತಿ ತುದಿಯಲ್ಲಿ 9 ಮಿಮೀ. 110 ಮಿಮೀ ಬಾಡಿಗೆ ತೂತಿನಿಂದ ತೂತಿಗೆ 152ರಿಂದ 170 ಮಿಮೀ, ಅಂದರೆ ಸುಮಾರು 7 ಸುತ್ತು, ಅಷ್ಟೇ. ತೆಳು ನಟ್ ಬದಲು ಮಾಮೂಲಿ 6.5 ಮಿಮೀ ನಟ್ ಹಾಕಿದರೆ ಇನ್ನೂ 5 ಮಿಮೀ ಖೋತಾ.

ಚೆಕ್ ನಟ್ ಇಲ್ಲದಿದ್ದರೆ ಕಂಪನಕ್ಕೆ ಬಾಡಿ ತಾನಾಗಿ ತಿರುಗಿ ಅಳತೆ ತಪ್ಪುತ್ತೆ. ಎಡ ಥ್ರೆಡ್ ಇರುವ ತುದಿಗೆ ಎಡ ಥ್ರೆಡ್‌ನ ನಟ್ಟೇ ಆಗಬೇಕು. ಅದರ ಆರು ಮೂಲೆಗಳಲ್ಲಿ ಸಾಮಾನ್ಯವಾಗಿ ಸಣ್ಣ ಕಚ್ಚು ಇರುತ್ತೆ. ಬಿಡಿಯಾಗಿ ಹುಡುಕುವುದು ಕಷ್ಟ, ರಾಡ್ ಎಂಡ್ ಜೊತೆಗೇ ಕೇಳಿ ತಗೊಳ್ಳಿ. ಬಿಗಿಮಾಡುವಾಗ ಎರಡೂ ಕಣ್ಣು ಒಂದೇ ಸಮತಟ್ಟಿನಲ್ಲಿ ಇರುವಂತೆ ಹಿಡಿದುಕೊಳ್ಳಿ, ಇಲ್ಲವಾದರೆ ಗುಂಡು ಓರೆಯಾಗಿ ಸಿಕ್ಕಿ ಲಿಂಕ್ ಹಿಡಿಯುತ್ತೆ. ಬೋಲ್ಟಿನ ತಲೆಯ ಕೆಳಗೆ ರಾಡ್ ಎಂಡ್‌ನ ಹೊರ ಉಂಗುರಕ್ಕಿಂತ ದೊಡ್ಡ ವಾಷರ್ ಇರಲಿ. ಗುಂಡು ಕಳಚಿದರೂ ಲಿಂಕ್ ಕೆಳಗೆ ಬೀಳಲ್ಲ.

ಎರಡೂ ಬಲ ಥ್ರೆಡ್ಡೇ ಸಾಕು ಅನ್ನುವವರಿದ್ದಾರೆ. ಆಗ ಬಾಡಿ ತಿರುಗಿಸಿದರೆ ಉದ್ದ ಬದಲಾಗಲ್ಲ, ಒಂದು ತುದಿಯ ಬೋಲ್ಟ್ ಬಿಚ್ಚಿ ಅರ್ಧರ್ಧ ಸುತ್ತು ಹಾಕಬೇಕು, ಸಲಕ್ಕೆ 0.625 ಮಿಮೀ. ಒಮ್ಮೆ ಹೊಂದಿಸಿ ಬಿಡುವ ಕೆಲಸಕ್ಕೆ ಪರವಾಗಿಲ್ಲ.

ಪವರ್ ಟಿಲ್ಲರ್ ಕ್ಲಚ್ ಲಿವರ್, ಥ್ರಾಟಲ್ ಇಂಥವಕ್ಕೆ ಧಾರಾಳವಾಗಿ ತಗೊಳ್ಳಿ. ಗಾಡಿಯ ಸ್ಟೀರಿಂಗ್, ಬ್ರೇಕ್‌ಗೆ ಖಂಡಿತ ಬೇಡ.